ಪಿಯಾನೋಕ್ಕೆ ಲಾಡಿ

ಲಾಡಿ ಇರುವುದು ಲಂಗಕ್ಕೆ ಮಾತ್ರ ಎಂದು ನೀವು ತಿಳಿದಿದ್ದರೆ ನಾಚಿಕೆ ಬೇಡ, ಸ್ನೇಹಿತರೇ. ನಾವುಂದದಲ್ಲಿ ಇಪ್ಪತ್ತು ವರ್ಷ ರವಿಕೆ ಹೊಲಿದ ನಾನೂ ಹೋದ ವರ್ಷದವರೆಗೆ ಹಾಗೆಯೇ ತಿಳಿದಿದ್ದೆ. ಆ ಅಜ್ಞಾನವನ್ನು ಕಳೆದವರು ನನ್ನ ಭಾವ.

ಕಿರಿಮಂಜೇಶ್ವರದ ಈ ಭಾವ, ಎಂದರೆ ಅಕ್ಕನ ಗಂಡ, ಮುಂಬೈಯ ಒಂದು ಹಳೆಯ ಹೋಟೆಲಿನಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು. ಹೋಟೆಲು ಮುಚ್ಚುವಾಗ ಧಣಿಗಳು, ನೆನಪಿಗೆ ಏನಾದರೂ ಒಯ್ಯಿರಿ ಎಂದರಂತೆ. ಉಳಿದವರೆಲ್ಲ ಹಂಡೆ, ಫ್ರಿಜ್, ಗ್ರೈಂಡರ್ ಎಂದು ವಿವೇಕದಿಂದ ಆರಿಸಿಕೊಂಡರೆ, ಭಾವ ಊಟದ ಹಾಲ್‌ನ ಮೂಲೆಯಲ್ಲಿದ್ದ ಪಿಯಾನೋವನ್ನು ಲಾರಿಗೆ ಏರಿಸಿದರು. ಗ್ರೈಂಡರಿನ ಕನಸು ಕಾಣುತ್ತಿದ್ದ ಅಕ್ಕ ಜಗಲಿಯಲ್ಲಿ ಇಳಿದ ಆ ಕರಿಯ ಕಪಾಟಿಗೆ ಎರಡು ಸುತ್ತು ಬಂದು, "ಇದ್ರಲ್ಲಿ ಉದ್ದಿನ್ಬೇಳೆ ಎಲ್ಲಿ ಹಾಕೂದ್?" ಎಂದಳು. ಅಲ್ಲಿಗೆ ಗಂಡನೊಡನೆ ಮಾತು ಬಂದ್. ಊಟಕ್ಕೆ ಕರೆಯಬೇಕಾದರೆ ಅಡುಗೆಮನೆಯಿಂದ ನನಗೆ ಫೋನು; ನಾನು ನಾವುಂದದಿಂದ ಜಗಲಿಯ ಭಾವನಿಗೆ ಫೋನು.

ಪಿಯಾನೋವೂ ಅಕ್ಕನ ಪಕ್ಷವೇ. ಮನೆ, ಎಂದರೆ ಬೆರಳಿಡುವ ಕೀ, ಒತ್ತಿದರೆ ಒಮ್ಮೆ ಠಣ್ ಎನ್ನುವುದು, ಮತ್ತೆ ಒತ್ತಿದರೆ ಮೌನ. ಇಗರ್ಜಿಗಳ ಹಾರ್ಮೋನಿಯಂ ರಿಪೇರಿ ಮಾಡುವ ಸಿಲ್ವೆಸ್ಟರ್ ಪೊರ್ಬುಗಳನ್ನು ಬ್ರಹ್ಮಾವರದಿಂದ ಕರೆಸಿದೆವು. ಅವರು ಮುಂದಿನ ಹಲಗೆ ತೆಗೆದಾಗ ಉಣ್ಣೆ ತಲೆಯ ಪುಟ್ಟ ಸುತ್ತಿಗೆಗಳ ಸಾಲು ಕಂಡಿತು. ಸುತ್ತಿಗೆ ತಂತಿಗೆ ಬಡಿದು ತಡಮಾಡದೆ ಹಿಂದಕ್ಕೆ ಬರಬೇಕು. ಹಾಗೆ ಕರೆತರುವ ಬಟ್ಟೆಯ ಪಟ್ಟಿಗಳನ್ನೆಲ್ಲ ಹುಳ ತಿಂದಿತ್ತು. ಹೋದ ಸುತ್ತಿಗೆಗಳು ನೆಂಟರ ಮನೆಗೆ ಹೋದವರಂತೆ ಅಲ್ಲೇ ಠಿಕಾಣಿ ಹೂಡಿದ್ದವು.

"ಮರ, ತಂತಿ ಎಲ್ಲ ಗಟ್ಟಿ ಇತ್ತ್," ಎಂದರು ಪೊರ್ಬುಗಳು. "ಸವೆದ ಸುತ್ತಿಗೆ ನಾನ್ ಉಜ್ಜಿ ಸಮ ಮಾಡ್ತೆ. ಪಟ್ಟಿ ಮಾತ್ರ ಟೈಲರ್ ಕೆಲ್ಸ."

ಎಂಬತ್ತೆಂಟು ಪಟ್ಟಿ! ಹಿಂದಕ್ಕೆ ಎಳೆಯುವುದೇ ಕೆಲಸವಾದರೆ ಎಲಾಸ್ಟಿಕ್ಕಿಗಿಂತ ಒಳ್ಳೆಯದು ಉಂಟೇ ಎಂದು ಬುದ್ಧಿ ಓಡಿಸಿ ಹತ್ತು ಸುತ್ತಿಗೆಗೆ ಅದನ್ನೇ ಹಾಕಿದೆ. ಸುತ್ತಿಗೆಗಳು ತಂತಿ ಮುಟ್ಟುವ ಮೊದಲೇ ತವರಿಗೆ ಓಡಿಬಂದವು. "ಪಟ್ಟಿ ಇಪ್ಪುದ್ ಎಳೂಕಲ್ಲ ಅಮ್ಮ, ಸುತ್ತಿಗೆ ಜೊತಿಗ್ ಬಪ್ಪುಕೆ," ಎಂದು ಪೊರ್ಬುಗಳು ನಕ್ಕರು. ಬಿಗಿದರೂ ಸ್ವರವಿಲ್ಲ, ಬಿಟ್ಟರೂ ಸ್ವರವಿಲ್ಲ. ಸಂಸಾರಕ್ಕೂ ಸಲ್ಲುವ ಈ ತತ್ವವನ್ನು ಅಕ್ಕನಿಗೆ ಹೇಳಲು ಬಾಯಿವರೆಗೆ ಬಂದಿತ್ತು, ಆದರೆ ಅವಳ ಕೈಯಲ್ಲಿ ಸೌಟಿತ್ತು. ಸುಮ್ಮನೆ ಲಂಗದ ಲಾಡಿ ಕತ್ತರಿಸಿ, ತುದಿಗೆ ಹಳೆಯ ಪರ್ಸಿನ ಚರ್ಮದ ಚೂರು ಹೊಲಿದು, ನಾಲ್ಕು ದಿನದಲ್ಲಿ ಮುಗಿಸಿಕೊಟ್ಟೆ.

ಎಲ್ಲ ಜೋಡಿಸಿದ ಮೇಲೆ ಭಾವ ಪಂಚೆ ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತರು. ನೆರೆಕರೆಯವರು ಬಾಗಿಲಲ್ಲಿ ನೆರೆದರು. ಭಾವ ಕೂತೇ ಇದ್ದರು.

"ಬಾರ್ಸಿ ಮಾರಾಯ್ರೆ," ಎಂದರು ಪೊರ್ಬುಗಳು.

"ಬಾರ್ಸುಕೆ ಬತ್ತ್ ಅಂತ ನಾನ್ ಯಾವಾಗ ಹೇಳಿದ್ದೆ?" ಭಾವ ನೆಲ ನೋಡಿದರು. "ಹೋಟ್ಲಲ್ಲಿ ಕಪ್ಪು-ಬಸಿ ಎತ್ತುವಾಗ ಕೇಂಡದ್ ಮಾತ್ರ."

ಬಾಗಿಲಿಗೆ ಬಾಗಿಲೇ ನಕ್ಕಿತು. ಭಾವನ ಕಿವಿ ಕೆಂಪಾಯಿತು. ಆದರೆ ಅವರು ಏಳಲಿಲ್ಲ. ಹಾಗೆ ಕೇಳಿದ ಒಂದು ಹಾಡನ್ನು ಒಂಟಿ ಬೆರಳಿನಲ್ಲಿ ಹುಡುಕತೊಡಗಿದರು. ಮೂರು ಸ್ವರ ಸಿಕ್ಕವು. ನಾಲ್ಕನೆಯದು ತಪ್ಪಿತು. ಮತ್ತೆ ತಪ್ಪಿತು.

ಒಳಗಿಂದ ಅಕ್ಕ ಬಂದಳು. ಬೆರಳಿನ ಹಿಟ್ಟನ್ನು ಸೆರಗಿಗೆ ಒರೆಸಿ, ಗಂಡನ ಬೆರಳಿನ ಪಕ್ಕದ ಮನೆ ಒತ್ತಿದಳು. ಅದೇ ಸ್ವರ!

"ರಜೆಗ್ ಬಂದಾಗೆಲ್ಲ ಬಚ್ಚಲಲ್ಲಿ ಮೀವತಿಗೆ ಇದನ್ನೇ ಸಿಳ್ಳೆ ಹೊಡಿತಿದ್ರಿ. ನಂಗೆ ಬಾಯಿಪಾಠ ಆಯ್ತ್," ಎಂದಳು, ನೇರವಾಗಿ ಅವರಿಗೇ. "ಹ್ವಾಯ್, ಒಚೂರ್ ಆಚಿಗ್ ಕೂಕಣಿ."

ಭಾವ ಬೆಂಚಿನಲ್ಲಿ ಅರ್ಧ ಜಾಗ ಬಿಟ್ಟರು. ಒಳಗೆ ದೋಸೆ ಸೀಯುತ್ತಿತ್ತು. ಅವರಿಬ್ಬರಿಗೂ ಅದರ ವಾಸನೆ ಬಡಿದಂತಿರಲಿಲ್ಲ. ನಾನೇ ಹೋಗಿ ಮಗುಚಿದೆ.