ಬರೆಯದ ಪೆನ್ನಿನ ಇನ್‌ಸ್ಪೆಕ್ಟರು

ಮನುಷ್ಯನು ತನ್ನ ಆಯುಷ್ಯದಲ್ಲಿ ಎಷ್ಟು ಮುಖಗಳನ್ನು ಮರೆತರೂ ಕಷ್ಟಕಾಲದಲ್ಲಿ ತನ್ನನ್ನು ಮುಟ್ಟಿದ ಕೈಯನ್ನು ಮರೆಯಲಾರನು. ಗಂಭೀರವಾದ ಮಾತು, ಶ್ರದ್ಧಾಂಜಲಿ ಸಭೆಗೆ ಹೇಳಿ ಮಾಡಿಸಿದಂತಿದೆ. ನನ್ನ ಮಟ್ಟಿಗೆ ಮಾತ್ರ ಇದು ಶುದ್ಧ ಸುಳ್ಳು. ನಾನು ಬರೆಯಹೊರಟಿರುವವರು ಐದು ತಿಂಗಳ ಕಾಲ ನನ್ನ ಬಲಗೈಯ ಕಿರುಬೆರಳನ್ನು ಮುಟ್ಟಿದರು. ಒಂದು ಸಲವೂ ನನಗೆ ಗೊತ್ತಾಗಲಿಲ್ಲ.

ಅವರ ಜೇಬಿನಲ್ಲಿ ಸದಾ ಒಂದು ಬಾಲ್‌ಪೆನ್ನು ಇರುತ್ತಿತ್ತು. ನೀಲಿ ಮುಚ್ಚಳ, ಸವೆದು ನುಣ್ಣಗಾದ ತುದಿ, ಒಳಗೆ ಒಂದು ತೊಟ್ಟು ಶಾಯಿ ಇಲ್ಲ. ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಯಾರಾದರೂ "ಸಾರ್, ಪೆನ್ನು" ಎಂದರೆ ಧಾರಾಳವಾಗಿ ತೆಗೆದು ಕೊಡುವರು. ಆತ ಗೀಚಿ, ಜಾಡಿಸಿ, ಮತ್ತೆ ಗೀಚುವಾಗ ಇವರು ಆತನ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಕಿವಿಯ ಹಾಲೆ, ಹುಬ್ಬು. ಕೊನೆಗೆ, ಬಿಡುವಿದ್ದರೆ, ಮುಖ. ಮದುವೆ ಮನೆಯಲ್ಲಿ ಯಾರು ಕೈ ಮುಗಿದರೂ ಇವರ ಕಣ್ಣು ಆ ಕೈಯಲ್ಲೇ ನೆಟ್ಟಿರುತ್ತಿತ್ತು. ವಿನಯವಂತರು ಎಂದು ಜನ ಹೊಗಳುತ್ತಿದ್ದರು.

ಸರ್ಕಾರದ ಕುಷ್ಠ ವಿಭಾಗದಲ್ಲಿ ಸೈಕಲ್ಲು ತುಳಿದು ನಿವೃತ್ತರಾಗಿದ್ದ ಅವರನ್ನು ದೂರದ ಒಂದು ಸಂಶೋಧನಾ ಸಂಸ್ಥೆಯವರು ಮತ್ತೆ ಕೆಲಸಕ್ಕೆ ಕರೆದಿದ್ದರು. ಗಡಿಸೀಮೆಯ ನಮ್ಮೂರು ಉದ್ದನಪಲ್ಲಿಯಲ್ಲಿ ಅವರು ಮೊದಲೂ ಇನ್‌ಸ್ಪೆಕ್ಟರು, ಆಮೇಲೂ ಇನ್‌ಸ್ಪೆಕ್ಟರು. ಯಾವುದರ ಇನ್‌ಸ್ಪೆಕ್ಟರು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ರೋಗದ ಹೆಸರನ್ನು ಕನ್ನಡದಲ್ಲಿ ಹೇಳಲು ಹೆದರುವವರು ತಮಿಳಿನಲ್ಲಿ ಹೇಳುತ್ತಾರೆ, ತಮಿಳಿನಲ್ಲೂ ಹೆದರಿಕೆಯಾದರೆ ತೆಲುಗಿನಲ್ಲಿ. ಮೂರು ಭಾಷೆ ಬರುವ ಊರಿಗೆ ಇಷ್ಟಾದರೂ ಅನುಕೂಲ ಬೇಡವೆ?

ಅವರದೊಂದು ಮಾತು ಊರಿಗೆಲ್ಲ ಗೊತ್ತಿತ್ತು. ಯಾರಿಗೆ ಏಟು ಬಿದ್ದರೂ "ನೋವಾಯ್ತಾ? ಒಳ್ಳೇದಾಯ್ತು" ಎನ್ನುವರು. ಒಮ್ಮೆ ಚೇಳು ಕಡಿದು ಕೂಗಾಡುತ್ತಿದ್ದವನಿಗೆ ಹೀಗೆ ಹೇಳಿ, ಅವನ ತಾಯಿಯ ಕೈಯ ಪೊರಕೆಯಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದರು. ನೋವೇ ಆಗದವರನ್ನು ನಲವತ್ತು ವರ್ಷ ನೋಡಿದ ಮನುಷ್ಯ ಎಂಬುದು ಆ ತಾಯಿಗೆ ಹೇಗೆ ಗೊತ್ತಾಗಬೇಕು?

ನಾನೂ ಇನ್‌ಸ್ಪೆಕ್ಟರೇ. ಮೂಕಂಡಪಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ನಮ್ಮಲ್ಲಿ ಉಕ್ಕಿನ ಬುಷ್ಷುಗಳು ತಯಾರಾಗುತ್ತವೆ: ಹೆಬ್ಬೆರಳುದ್ದದ ಕೊಳವೆ, ಪಕ್ಕದಲ್ಲೊಂದು ತೂತು. ತೂತು ಕೊರೆದಾಗ ಒಳಅಂಚಿನಲ್ಲಿ ಕೂದಲೆಳೆಯಷ್ಟು ಲೋಹದ ಮುಳ್ಳು ಉಳಿಯುತ್ತದೆ; ಅದಕ್ಕೆ ಬರ್ ಎನ್ನುತ್ತಾರೆ. ಕಣ್ಣಿಗೆ ಕಾಣದು. ಕೊಳವೆಯೊಳಗೆ ಕಿರುಬೆರಳು ತೂರಿಸಿ ಸವರಿದರೆ ಚುಚ್ಚುತ್ತದೆ. ಚುಚ್ಚಿದ ಬುಷ್ಷು ರಿಜೆಕ್ಟು. ಇಪ್ಪತ್ತೆರಡು ವರ್ಷ ನನ್ನ ಬಲಗೈಯ ಕಿರುಬೆರಳು ಆ ಕಾರ್ಖಾನೆಯ ಅತ್ಯಂತ ನಂಬಿಗಸ್ತ ಉಪಕರಣವಾಗಿತ್ತು. ಉಳಿದ ಉಪಕರಣಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಚೀಟಿ ಅಂಟಿಸುತ್ತಿದ್ದರು. ಇದಕ್ಕೆ ಅಂಟಿಸಿರಲಿಲ್ಲ.

ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಯಾರೋ ತಗುಲಿ ನನ್ನ ಬಲ ಮುಂಗೈ ಮೇಲೆ ಟೀ ಚೆಲ್ಲಿತು. ಮೊಣಕೈಯ ಕೆಳಗೆ ಒಂದು ಬಿಳಿಚಿದ ಮಚ್ಚೆ ಇತ್ತು. ಬಿದ್ದದ್ದು ಅದರ ಮೇಲೆ. ನಾನು ಕರ್ಚೀಫಿನಿಂದ ಒರೆಸಿಕೊಂಡೆ.

ಪಕ್ಕದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರು ಕೇಳಿದರು: "ಸುಡ್ಲಿಲ್ವೇನಪ್ಪಾ?"

"ಆರೋಗಿತ್ತು ಸಾರ್."

ಅವರು ನನ್ನ ಗ್ಲಾಸಿಗೆ ಬೆರಳು ತಾಗಿಸಿ ತಟ್ಟನೆ ಹಿಂದಕ್ಕೆಳೆದುಕೊಂಡರು. "ಸಾಯಂಕಾಲ ಮನೆತಾವ ಬತ್ತೀನಿ. ಅವರೆ ಬೀಜ ಬೇಕಾಗಿತ್ತು."

"ನಮ್ಮನೇಲಿ ಅವರೆ ಇಲ್ವಲ್ಲ ಸಾರ್."

"ಇಲ್ದಿದ್ರೆ ಇನ್ನೂ ಒಳ್ಳೇದು. ಬತ್ತೀನಿ."

ಬಂದರು. ಬಾಗಿಲು ಮುಂದೆ ಮಾಡಿಸಿದರು. ನನ್ನ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೆ ಆ ಬರೆಯದ ಪೆನ್ನಿನ ತುದಿ ಆಡಿಸಿದರು. ಮೊಣಕೈಯ ಹಿಂದಿನ ನರವನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಹುರಿ ಮಾಡಿದ ದಾರದಂತೆ ದಪ್ಪಗಾಗಿತ್ತು. ಆಮೇಲೆ "ನೀವು ಗಾಬರಿ ಆಗ್ಬೇಡಿ" ಎಂದರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು 'ಏನಪ್ಪಾ' ಎಂದವರು. ಅವರ ಬಾಯಲ್ಲಿ 'ನೀವು' ಬಂದಾಗಲೇ ನನಗೆ ಗಾಬರಿಯಾದದ್ದು. ಈ ರೋಗದವರನ್ನು ಊರೆಲ್ಲ ಏಕವಚನದಲ್ಲಿ ಕರೆಯುತ್ತದೆ, ಆದ್ದರಿಂದ ತಾನು ಬಹುವಚನ ಇಟ್ಟುಕೊಂಡಿದ್ದೇನೆ ಎಂದು ಅವರು ಎಷ್ಟೋ ದಿನದ ಮೇಲೆ ಹೇಳಿದರು.

ನನ್ನ ಹೆಂಡತಿ ಬಾಗಿಲ ಪಕ್ಕ ನಿಂತು ಸೆರಗು ಹಿಂಡುತ್ತಿದ್ದಳು. "ಸಾರ್, ತಟ್ಟೆ ಗಿಟ್ಟೆ ಬೇರೆ ಇಡ್ಬೇಕಾ?"

"ಮಾತ್ರೆ ಶುರುವಾದ್ರೆ ಯಾರ್ಗೂ ಅಂಟಲ್ಲ ತಾಯಿ. ಬೇರೆ ಇಕ್ಕಿದ್ರೆ ನಾನೇ ಬಂದು ಇವ್ರ ತಟ್ಟೇಲಿ ಉಣ್ತೀನಿ."

ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅವರು ಕೂತೇ ಬಿಟ್ಟರು. ನನ್ನ ತಟ್ಟೆಯಲ್ಲಿ ಎರಡು ಮುದ್ದೆ ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿ ಹೋದರು.

ಒಂದು ವರ್ಷದ ಮಾತ್ರೆ ಶುರುವಾಯಿತು. ಅದರಿಂದ ಮೈ ಕಪ್ಪಾಯಿತು. "ಬಿಸಿಲಲ್ಲಿ ಅಲೀತೀಯ" ಎಂದು ನೆಂಟರು ಬೈದರು, ಹೌದೆಂದೆ. ಪ್ರತಿ ತಿಂಗಳ ಕೊನೆಯ ಶನಿವಾರ ರಾಯಕೋಟೆಯ ಆಸ್ಪತ್ರೆಯಲ್ಲಿ ಸಂಶೋಧನೆಯ ಕೋಣೆ ತೆರೆಯುತ್ತಿತ್ತು. ಅಂದು ಮಾತ್ರ ಒಬ್ಬ ಡಾಕ್ಟರಮ್ಮ ಹೊರಗಿನಿಂದ ಬರುವರು. ಇನ್‌ಸ್ಪೆಕ್ಟರು ಒಂದು ಪೆಟ್ಟಿಗೆಯಿಂದ ನೈಲಾನ್ ಎಳೆಗಳನ್ನು ತೆಗೆಯುವರು. ಒಂದಕ್ಕಿಂತ ಒಂದು ದಪ್ಪ, ಪ್ರತಿಯೊಂದೂ ಗೊತ್ತಾದ ಭಾರಕ್ಕೆ ಬಾಗುವಂಥದು. ನಾವು ಕಣ್ಣು ಮುಚ್ಚಿರಬೇಕು. ಎಳೆ ಎಲ್ಲಿ ಮುಟ್ಟಿತೋ ಅಲ್ಲಿ ತೋರಿಸಬೇಕು.

"ಇದು ನಮ್ಮ ಫ್ಯಾಕ್ಟ್ರಿ ಅಳತೆ ಗೇಜೇ ಸಾರ್!" ಎಂದೆ ಮೊದಲ ದಿನವೇ. "ವರ್ಷಕ್ಕೊಂದ್ಸಲ ಚೆಕ್ ಮಾಡಿಸ್ತೀರಾ?"

ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಇಷ್ಟು ವರ್ಷಕ್ಕೆ ಒಬ್ರು ಕೇಳಿದ್ರಿ ನೋಡಿ," ಎಂದು ಸಂಶೋಧನೆಯನ್ನೆಲ್ಲ ಬಿಡಿಸಿ ಹೇಳಿದರು. ರೋಗಾಣುವಿಗೆ ತಂಪು ಜಾಗ ಇಷ್ಟ, ಆದ್ದರಿಂದ ಮೊಣಕೈಯಲ್ಲಿ ಚರ್ಮಕ್ಕೆ ಹತ್ತಿರವಿರುವ ನರದೊಳಗೆ ಸೇರಿಕೊಳ್ಳುತ್ತದೆ. "ಅದು ಪಾಪ ಸೋಮಾರಿ, ಸುಮ್ನೆ ಬಿದ್ದಿರ್ತದೆ. ಅದ್ನ ಹಿಡಿಯೋಕೆ ನುಗ್ತದಲ್ಲ ನಿಮ್ಮ ಮೈಯ ಪೋಲೀಸು, ಅದು ಮನೆ ಮುರಿಯೋದು." ಊತ ಬಂದು ನರ ಸಾಯುತ್ತದೆ. ಕೆಲವರಿಗೆ ನೋವೂ ಇಲ್ಲದೆ ಸಾಯುತ್ತದೆ. ರೋಗಿಗೆ ತಿಳಿಯುವ ಮುಂಚೆ ಎಳೆಗಳಿಂದ ಅದನ್ನು ಹಿಡಿದು, ಸ್ಟೀರಾಯ್ಡ್ ಮಾತ್ರೆ ಕೊಟ್ಟು ನರ ಉಳಿಸಬಹುದೇ ಎಂಬುದು ಅವರ ಪ್ರಶ್ನೆ. ಸ್ಪರ್ಶ ಹೋಗಿ ಆರು ತಿಂಗಳು ದಾಟಿದರೆ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಕೆಡುಕು ಮಾತ್ರ.

ಡಿಸೆಂಬರಿನ ತನಕ ಎಲ್ಲ ಎಳೆಯೂ ತಿಳಿಯುತ್ತಿತ್ತು. ಜನವರಿಯಲ್ಲಿ ಕಣ್ಣು ಮುಚ್ಚಿ ಕೂತೆ. ಏನೂ ಇಲ್ಲ. ಕಿರುಬೆರಳು ಯಾರದೋ ಬೆರಳಿನ ಹಾಗಿತ್ತು, ಪಕ್ಕದ ಉಂಗುರದ ಬೆರಳೂ ಅರ್ಧ ಮರಗಟ್ಟಿತ್ತು.

ಆಗ ಒಂದು ವಿಷಯ ಕಿವಿಗೆ ಬಿತ್ತು. ಇನ್‌ಸ್ಪೆಕ್ಟರು ಎಳೆ ಮುಟ್ಟಿಸುವಾಗ ಕೈ ನಡುಗದಿರಲೆಂದು ಉಸಿರು ಹಿಡಿಯುತ್ತಿದ್ದರು. ಉಸಿರು ನಿಂತರೆ ಮುಟ್ಟಿದರು ಎಂದರ್ಥ. ಜಾಗದ ಕ್ರಮ ನನಗೆ ಬಾಯಿಪಾಠವಾಗಿತ್ತು: ತುದಿ, ಬುಡ, ಅಂಗೈಯಂಚು. ತೋರಿಸಿದೆ. ಎಲ್ಲ ಸರಿ.

ಯಾಕೆ ಹಾಗೆ ಮಾಡಿದೆ ಎಂದರೆ ಘನವಾದ ಕಾರಣವಿಲ್ಲ. ಸ್ಪರ್ಶವಿಲ್ಲದ ಇನ್‌ಸ್ಪೆಕ್ಟರನ್ನು ಯಾವ ಕಾರ್ಖಾನೆಯೂ ಇಟ್ಟುಕೊಳ್ಳುವುದಿಲ್ಲ ಎಂಬ ಭಯವೊಂದು. ಪರೀಕ್ಷೆಯಲ್ಲಿ ಫೇಲಾಗಿ ಅಭ್ಯಾಸವಿಲ್ಲದ್ದು ಇನ್ನೊಂದು. ಬುಷ್ಷಿಗೆ ಎಡಗೈ ಬಳಸಬಹುದಿತ್ತು; ಬಳಸಿದರೆ ಒಪ್ಪಿಕೊಂಡಂತಾಗುತ್ತಿತ್ತು. ಐದು ತಿಂಗಳು ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಇನ್ನೊಬ್ಬರ ಉಸಿರು ಕಾಯುತ್ತ ಕೂತೆ. "ಕಿರುಬೆರಳು ಚೆನ್ನಾಗಿದೆ" ಎಂದು ಅವರು ಬರೆದು ಸಹಿ ಹಾಕುತ್ತಿದ್ದರು.

ಜೂನ್ ಕೊನೆಯ ಶನಿವಾರ ಅವರು ನನ್ನ ಬೆರಳ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಣ್ಣು ಮುಚ್ಚಿ" ಎಂದರು.

ಉಸಿರು ನಿಂತಿತು. ತುದಿ ತೋರಿಸಿದೆ. ಮತ್ತೆ ನಿಂತಿತು. ಬುಡ ತೋರಿಸಿದೆ. ಹೀಗೆ ಆರು ಸಲ.

"ಕಣ್ಣು ಬುಡಿ."

ಎಳೆಗಳ ಪೆಟ್ಟಿಗೆ ಮುಚ್ಚಿದಂತೆಯೇ ಕಿಟಕಿಯ ಮೇಲಿತ್ತು. ಅವರ ಎರಡೂ ಕೈ ಬೆನ್ನ ಹಿಂದಿದ್ದವು. ಅಭ್ಯಾಸಬಲದಿಂದ ಉಸಿರು ಹಿಡಿದಿದ್ದರು, ಅಷ್ಟೆ.

"ಬೆರಳ ತುದಿ ತುಂಬಾ ಗೀರು," ಎಂದರು. "ಗೀರ್ದಾಗ ನೋವಾಗಿದ್ರೆ ಇಷ್ಟು ಗೀರು ಇರ್ತಿರ್ಲಿಲ್ಲ. ಎಷ್ಟು ದಿನಾಯ್ತು?"

"ಎರಡು ತಿಂಗ್ಳು ಸಾರ್."

"ಸುಳ್ಳು ಬೊಗಳ್ಬೇಡ ಕಣ್ಲಾ! ಕೈ ಹೋಗ್ಬುಡ್ತದೆ ಕಣ್ಲಾ ನಿಂದು!"

ಬಹುವಚನ ಮುಗಿದಿತ್ತು.

ಅವರು ನನ್ನ ರಟ್ಟೆ ಹಿಡಿದು ಡಾಕ್ಟರಮ್ಮನ ಮುಂದೆ ನಿಲ್ಲಿಸಿದರು. ಆಕೆ ಹೊರಡುವ ತಯಾರಿಯಲ್ಲಿದ್ದರು. ಹೊರಗೆ ಜೀಪು ಶುರುವಾಗಿತ್ತು. "ಎಪ್ಪೋ ಇರುಂದು?" ಎಂದು ಕೇಳಿದರು, ಯಾವಾಗಿನಿಂದ ಎಂದು. ನಾನು ಜನವರಿ ಎಂದೆ. ಆಕೆ ಇನ್‌ಸ್ಪೆಕ್ಟರ ಮುಖ ನೋಡಿದರು. ಅವರ ಕಾಗದದಲ್ಲಿ ಜನವರಿಯಿಂದ ಮೇವರೆಗೆ ಬೆರಳು ಚೆನ್ನಾಗಿತ್ತು. ನನ್ನ ಬಾಯಲ್ಲಿ ಒಂದು ಗಳಿಗೆ ಮುಂಚೆ ಎರಡೇ ತಿಂಗಳಾಗಿತ್ತು. ಆರು ತಿಂಗಳು ದಾಟಿದ ನವೆಂಬರ್ ಆಗಿರಬಾರದೇಕೆ ಎಂಬುದು ಆಕೆಯ ಸಂಶಯ. ನನಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲೇ ನಿಂತಿತ್ತು. ಸತ್ತ ನರಕ್ಕಾಗಿ ಐದು ತಿಂಗಳು ಸ್ಟೀರಾಯ್ಡ್ ಕೊಟ್ಟು ಅದನ್ನು ಒಳಗೆ ಕರೆಯಲು ಆಕೆ ಸಿದ್ಧರಿರಲಿಲ್ಲ. ಮುಂದಿನ ತಿಂಗಳು ನೋಡೋಣ ಎಂದರು. ಮುಂದಿನ ತಿಂಗಳಿಗೆ ಖಂಡಿತ ಆರು ದಾಟುತ್ತಿತ್ತು.

ಇನ್‌ಸ್ಪೆಕ್ಟರು ನನ್ನತ್ತ ತಿರುಗಿದರು. "ಫ್ಯಾಕ್ಟ್ರೀಲಿ ದಿನಾ ಏನಾರ ಬರೀತೀಯಾ?"

"ಬರ್ರು ಸಿಕ್ಕಿದ ಪೀಸು ಎಷ್ಟು ಅಂತ ರಿಜಿಸ್ಟ್ರಲ್ಲಿ..."

"ತರ್ಸು. ಈಗ್ಲೇ."

ಸೂಪರ್‌ವೈಸರಿಗೆ ಫೋನು ಮಾಡಿದೆ. "ಏನಣ್ಣಾ, ರಜಾ ಹಾಕಿ ರಿಜಿಸ್ಟ್ರು ಕೇಳ್ತೀಯಾ? ಆಡಿಟ್ಟಾ?" ಎಂದು ನಕ್ಕ.

"ಆಡಿಟ್ಟೇ ಅಂದ್ಕೊಳಪ್ಪಾ. ಹಿಂದಕ್ಕೆ ಒಂದೊಂದೇ ಪುಟ ಫೋಟೋ ಹೊಡ್ದು ಕಳ್ಸು."

ಬಂದವು. ಜೂನ್: ಸೊನ್ನೆ. ಮೇ: ಸೊನ್ನೆ. ಏಪ್ರಿಲ್‌ನ ಸೊನ್ನೆಗಳ ಕೆಳಗೆ ಮ್ಯಾನೇಜರು ಹಸಿರು ಶಾಯಿಯಲ್ಲಿ 'ವೆರಿ ಗುಡ್' ಎಂದು ಬರೆದಿದ್ದರು. ಆ ತಿಂಗಳು ಮೀಟಿಂಗಿನಲ್ಲಿ ನನಗೆ ಚಪ್ಪಾಳೆಯೂ ಬಿದ್ದಿತ್ತು. ಮಾರ್ಚ್, ಫೆಬ್ರವರಿ, ಸೊನ್ನೆ. ಆಮೇಲಿನ ಫೋಟೋ ತೆರೆಯಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಇನ್‌ಸ್ಪೆಕ್ಟರು ಫೋನು ಕಿತ್ತುಕೊಂಡು ಅಂಗಳಕ್ಕೆ ಓಡಿ, ನೀರಿನ ತೊಟ್ಟಿಯ ಕಟ್ಟೆ ಹತ್ತಿ, ತಲೆಯ ಮೇಲೆ ಎತ್ತಿ ಹಿಡಿದು ನಿಂತರು. ಡಾಕ್ಟರಮ್ಮ ಜೀಪಿನಲ್ಲಿ ಒಂದು ಕಾಲಿಟ್ಟಿದ್ದರು.

"ನಾಲ್ಕು!" ಎಂದು ಕಟ್ಟೆಯ ಮೇಲಿಂದ ಕೂಗಿದರು. "ನಾಲ್ಕು ಪೀಸು ಹಿಡ್ದವ್ನೆ ಮೇಡಂ! ಸಂಕ್ರಾಂತಿಗೆ ವಾರ ಇರೋವಾಗ! ಮಾರ್ನೇ ದಿನ ಎರಡು, ಆಮೇಲೆ ಸೊನ್ನೆ!"

ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದರು. ಬೆರಳು ಕೊನೆಯ ಮುಳ್ಳು ಹಿಡಿದು ಐದು ತಿಂಗಳು, ಇಪ್ಪತ್ತೊಂದು ದಿನ. ಡಾಕ್ಟರಮ್ಮ ಜೀಪು ನಿಲ್ಲಿಸಲು ಹೇಳಿ, ನಿಂತುಕೊಂಡೇ ಮಾತ್ರೆ ಬರೆದರು.

ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಉದ್ದನಪಲ್ಲಿಯಲ್ಲಿ ಇಳಿದ ಮೇಲೆ ಅವರು ಕೇಳಿದರು: "ಅಲ್ಲಾ, ನಿಂಗೆ ಹೆಂಗ್ ಗೊತ್ತಾಗ್ತಿತ್ತು?"

ಉಸಿರಿನ ವಿಷಯ ಹೇಳಿದೆ. ಅವರು ರಸ್ತೆಯಲ್ಲೇ ನಿಂತುಬಿಟ್ಟರು. ಬೈಯುತ್ತಾರೆಂದು ಕಾದೆ. "ಹಂಗಾದ್ರೆ ಉಳಿದೋರು?" ಎಂದರು.

ಸೋಮವಾರ ಅವರು ಸಂಸ್ಥೆಗೆ ಪತ್ರ ಬರೆದರು. ತಾನು ಈವರೆಗೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬಬಾರದು, ತಪ್ಪು ರೋಗಿಯದಲ್ಲ, ತನ್ನದು, ಎಲ್ಲರನ್ನೂ ಮತ್ತೆ ನೋಡುತ್ತೇನೆ ಎಂದು. ಅದೇ ವಾರ ನಾನು ಸೂಪರ್‌ವೈಸರಿಗೆ ನರದ ತೊಂದರೆ ಎಂದು ಒಪ್ಪಿಕೊಂಡು ಗೋಡೌನಿನ ಪೆಟ್ಟಿಗೆಗಳನ್ನೆಲ್ಲ ಎಡಗೈಯಿಂದ ಮತ್ತೆ ತಪಾಸಣೆ ಮಾಡಿದೆ. ಇಬ್ಬರು ಇನ್‌ಸ್ಪೆಕ್ಟರುಗಳು ಏಕಕಾಲಕ್ಕೆ ಮರುಪರೀಕ್ಷೆ ನಡೆಸಿದ್ದು ಆ ಸೀಮೆಯ ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

ಅಲ್ಲಿಂದಾಚೆ ಅವರು ಬಾಯಿಗೆ ಮಾಸ್ಕ್ ಕಟ್ಟಿ, ಪಕ್ಕದಲ್ಲಿ ರೇಡಿಯೋ ಹಚ್ಚಿ, ನಡುನಡುವೆ ಮುಟ್ಟದೆ 'ಎಲ್ಲಿ?' ಎಂದು ಕೇಳಿ ಪರೀಕ್ಷೆ ಮಾಡುತ್ತಿದ್ದರು. ಗುಲಾಬಿ ತೋಟದ ಒಬ್ಬ ಹೆಂಗಸು ಹಾಗೆ ಸಿಕ್ಕಿಬಿದ್ದಳು. ಯಾಕಮ್ಮಾ ಎಂದರೆ "ಸಾರು ಅಷ್ಟು ದೂರದಿಂದ ಬತ್ತಾರೆ, ಇಲ್ಲ ಅಂದ್ರೆ ಬೇಜಾರು ಮಾಡ್ಕೊತಾರೆ ಅಂತ ತೋರಿಸ್ತಿದ್ದೆ" ಎಂದಳಂತೆ. ಆಕೆಗೆ ಇನ್ನೂ ಎರಡೇ ತಿಂಗಳಾಗಿತ್ತು.

ಸ್ಟೀರಾಯ್ಡಿನಿಂದ ನನ್ನ ಮುಖ ಊದಿಕೊಂಡಿತು. ಸುಖ ಬಂದಿದೆ ಎಂದರು ಊರವರು. ಜುಲೈ, ಆಗಸ್ಟ್, ಸೆಪ್ಟೆಂಬರ್, ಎಳೆಗಳು ಮುಟ್ಟಿ ಹೋದವು. ಏನೂ ಇಲ್ಲ. ಈಗ ನಾನು 'ಇಲ್ಲ' ಎಂದೇ ಹೇಳುತ್ತಿದ್ದೆ. ಪ್ರತಿ 'ಇಲ್ಲ'ಕ್ಕೂ ಅವರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಅಕ್ಟೋಬರಿನ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ, ಎಡಗೈಯಿಂದ ಪಾಸು ಮಾಡಲು ಹೊರಟಿದ್ದ ಬುಷ್ಷೊಂದಕ್ಕೆ ಸುಮ್ಮನೆ ಬಲಗೈಯ ಕಿರುಬೆರಳು ತೂರಿಸಿದೆ. ಚುಚ್ಚಿತು.

ನಿಂತಲ್ಲಿಂದಲೇ ಫೋನು ಮಾಡಿದೆ. "ಸಾರ್, ನೋವಾಯ್ತು."

"ನೋವಾಯ್ತಾ? ಒಳ್ಳೇದಾಯ್ತು," ಎಂದು ಫೋನಿಟ್ಟರು.

ಹೋದ ವರ್ಷ ಆಷಾಢದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ನೋವು ಎಂದರಂತೆ, ಒಳ್ಳೆಯದಾಯಿತು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಂಗಳದಲ್ಲಿ ಯಾವುದೋ ಕಾಗದಕ್ಕೆ ಸಹಿ ಬೇಕಾಗಿ, ಮೊಳೆಗೆ ನೇತು ಹಾಕಿದ್ದ ಅವರ ಅಂಗಿಯಿಂದ ಒಬ್ಬರು ಪೆನ್ನು ತೆಗೆದು ಗೀಚಿದರು, ಜಾಡಿಸಿದರು, ಮತ್ತೆ ಗೀಚಿದರು. ನಾನು ನನ್ನ ಪೆನ್ನು ಕೊಟ್ಟೆ. ಕೊಡುವಾಗ ಆತನ ಬೆರಳು ನೋಡಿದೆ. ಚೆನ್ನಾಗಿದ್ದವು.

ನನ್ನ ಉಂಗುರದ ಬೆರಳಿಗೆ ಪೂರ್ತಿ ಸ್ಪರ್ಶ ಬಂದಿದೆ. ನರ ಸೊರಗಿದಾಗ ಬಾಗಿದ ಕಿರುಬೆರಳು ಸ್ವಲ್ಪ ಬಾಗಿಯೇ ಉಳಿಯಿತು, ತುದಿಗೆ ಸ್ಪರ್ಶವಿದೆ. ಬುಷ್ಷಿನ ತಪಾಸಣೆ ಅದರಿಂದಲೇ ನಡೆಯುತ್ತಿದೆ.