ಹೆಬ್ಬೆರಳು ಹಿಡಿದ ಅಕ್ಕ

ಬೆಲ್ಟು ಬಿಚ್ಚಿ ಟ್ರೇಯಲ್ಲಿಟ್ಟ ಮರುಗಳಿಗೆಯೇ ನನ್ನ ಪ್ಯಾಂಟು, ಸ್ಕ್ಯಾನಿಂಗಿಗೆ ಕಾದಿದ್ದ ಏಳೆಂಟು ಜನರ ಕಣ್ಣೆದುರು, ಮೊಣಕಾಲಿಗಿಳಿಯಿತು. ಎಡಗೈ ಜೋಮು ಹಿಡಿದು, ತಲೆಯೊಳಗೆ ಏನೋ ಇರಬಹುದು, ಎಂಆರ್‌ಐ ಮಾಡಿಸಿ ಎಂದು ಡಾಕ್ಟರು ಹೇಳಿದ ಮೇಲೆ ಒಂದೇ ತಿಂಗಳಲ್ಲಿ ಭಯ ನನ್ನನ್ನು ಅಷ್ಟು ತಿಂದುಹಾಕಿತ್ತು.

"ಅವಸರ ಯಾಕಣ್ಣ, ಅದನ್ನ ಒಳಗೆ ಬಿಚ್ಚೋದು," ಎಂದು ಗೌನು ಚಾಚಿದವರು ಆ ಕೋಣೆಯ ಆಯಾ. ಆಸ್ಪತ್ರೆಗೆಲ್ಲ ಅವರು ಅಕ್ಕ. ನೆಲ ಒರೆಸುವ ಕೆಲಸಕ್ಕೆ ಸೇರಿದವರಂತೆ. ಮೊದಲ ವಾರವೇ ಕಬ್ಬಿಣದ ಬಕೆಟ್ಟು ಹಿಡಿದು ಒಳಹೊಕ್ಕಾಗ ಯಂತ್ರದ ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಂಡಿತಂತೆ. ಅಂದಿನಿಂದ ಹದಿನೇಳು ವರ್ಷ, ಮೈಮೇಲೆ ಒಂದು ಪಿನ್ನೂ ಇಲ್ಲ. ಸ್ವಂತ ಅಡುಗೆಮನೆಗೆ ಕಾಲಿಡುವಾಗಲೂ ಅಮ್ಮ ಸೊಂಟ, ಮುಡಿ ತಡವಿಕೊಳ್ಳುತ್ತಾಳೆಂದು ಮಗಳು ಗೇಲಿ ಮಾಡುತ್ತಾಳಂತೆ.

ಈ ತಿಂಗಳಲ್ಲೇ ಎರಡು ಸಲ, ತಲೆ ಸುರಂಗದೊಳಗೆ ಹೋಗುತ್ತಲೇ, ಸಹಾಯಕ್ಕೆ ಕರೆಯಲೆಂದು ಕೈಗೆ ಕೊಟ್ಟ ರಬ್ಬರ್ ಉಂಡೆ ಹಿಸುಕಿ ನಾನು ಹೊರಗೋಡಿದ್ದೆ. ಇವತ್ತೂ ಓಡಿದರೆ, ಮೂರು ಸಲ ತಪ್ಪಿಸಿಕೊಂಡವರಿಗೆ ಮುಂದಿನ ಸರದಿ ಎರಡು ತಿಂಗಳಾದ ಮೇಲೆ. ತಲೆಯಲ್ಲಿರುವುದು ಅಲ್ಲಿಯವರೆಗೆ ಕಾಯುತ್ತದೆಂದು ಯಾರು ಬರೆದುಕೊಡುತ್ತಾರೆ?

"ಇಪ್ಪತ್ತೈದು ನಿಮಿಷ ಅಲ್ಲಾಡಬಾರದು, ಮಾತಾಡಬಾರದು," ಎಂದರು ಅಕ್ಕ.

"ಮದುವೆಯಾದಾಗಿಂದ ಈ ಮನುಷ್ಯ ಐದು ನಿಮಿಷ ಬಾಯಿ ಮುಚ್ಚಿದ್ದು ನಾನಂತೂ ಕಂಡಿಲ್ಲ," ಎಂದಳು ನನ್ನ ಹೆಂಡತಿ. ನಗಲು ಹೋದವಳ ದನಿ ಅರ್ಧಕ್ಕೇ ಒಡೆಯಿತು.

ಮುಖಕ್ಕೆ ಪಂಜರದಂಥದ್ದೊಂದು ಬಿತ್ತು. ಹಲಗೆ ಒಳಕ್ಕೆ ಜಾರಿತು. ಮೂಗಿನ ಮೇಲೆ ಗೇಣಳತೆಯಲ್ಲಿ ಬಿಳಿ ಸೂರು. ಬೆರಳುಗಳು ಉಂಡೆಯ ಸುತ್ತ ಬಿಗಿಯತೊಡಗಿದವು.

ಆಗ ಯಾರೋ ನನ್ನ ಬಲಗಾಲಿನ ಹೆಬ್ಬೆರಳು ಹಿಡಿದರು.

ಅಕ್ಕ! ಕಿವಿಗೆ ಬಿರಡೆ ತುರುಕಿಕೊಂಡು ಒಳಗೇ ನಿಂತಿದ್ದರು. ಹೆದರುಪುಕ್ಕಲರಿಗೆಲ್ಲ ಅವರು ಮಾಡುವುದು ಇಷ್ಟೇ, ಯಾರೂ ಹೇಳಿಕೊಟ್ಟದ್ದಲ್ಲ. ಯಂತ್ರ ತಗಡಿಗೆ ಸುತ್ತಿಗೆ ಬಡಿದಂತೆ ಅಬ್ಬರಿಸಿತು. ನನ್ನ ಪ್ರಾಣವೆಲ್ಲ ಇಳಿದು ಆ ಹೆಬ್ಬೆರಳಿಗೆ ಬಂದು ಕೂತಿತು. ಎರಡು ಸಲ ಕಾಲು ಜಾಡಿಸಿರಬೇಕು. ಅಕ್ಕ ಬಿಡಲಿಲ್ಲ, ನಾನೂ ಉಂಡೆ ಹಿಸುಕಲಿಲ್ಲ.

ಹೊರಬಂದಾಗ ಗೌನು ಬೆನ್ನಿಗೆ ಅಂಟಿತ್ತು. ರಿಪೋರ್ಟು ನಾಳೆ ಸಂಜೆಗೆ. ಅಲ್ಲಿಯವರೆಗೆ ಉಸಿರಾಡುವುದು ಹೇಗೆ? ಅಕ್ಕನ ಕೈ ಹಿಡಿದುಕೊಂಡೆ.

"ಅಕ್ಕ, ಎಷ್ಟು ಸಾವಿರ ಜನರನ್ನ ನೋಡಿದ್ದೀರಿ. ನಿಜ ಹೇಳಿ, ನನ್ನ ತಲೇಲಿ ಏನಾದ್ರೂ ಇದೆಯಾ?"

"ನಾನು ಕಾಲಿನ ಕಡೆ ಇದ್ದೆ ಅಣ್ಣ. ಉಗುರು ಬೆಳೆದಿದೆ, ಕತ್ತರಿಸ್ಕೊಳ್ಳಿ."