ಲತಾಮಣಿ ಬಿಡಿಸಿ ಹೇಳದ ಪದ

ರಾಮನಗರದ ಉಪನೋಂದಣಿ ಕಚೇರಿ ಎದುರಿನ ಪತ್ರಬರಹಗಾರರ ಅಂಗಡಿಯಲ್ಲಿ ಲತಾಮಣಿ ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತಿದ್ದಾಳೆ. ಭೂಪರಿವರ್ತನೆ, ಹಕ್ಕುಬಿಡುಗಡೆ: ಎರಡು ಮಾತು ಅಂಟಿಸಿದರೆ ಒಂದು ಮನೆತನದ ಹಣೆಬರಹವೇ ತೀರ್ಮಾನವಾಯಿತು! ಓದು ಬಾರದ ಹೆಂಗಸರು ಬಂದರೆ, ಸಹಿಗೆ ಮುಂಚೆ ಆ ಪದವನ್ನು ಬಿಡಿಸಿ ಹೇಳುವುದು ಅವಳ ಚಾಳಿ. ಮಾಲೀಕರು ಗೊಣಗಿದರೂ ಬಿಟ್ಟವಳಲ್ಲ.

"ಭೂಪರಿವರ್ತನೆ ಅಂದ್ರೆ ಹೊಲ ಸೈಟಾಗೋದು ಕಣಮ್ಮ" ಎನ್ನುವಳು. ಹೋದ ತಿಂಗಳು ಅಮೀರುನ್ನೀಸಾ ಎಂಬಾಕೆಗೆ ಹೇಳಿದ್ದಳು: "ಹಕ್ಕುಬಿಡುಗಡೆ ಅಂತ ಐತಲ್ಲ, ಇದ್ರಲ್ಲಿ ಹಕ್ಕು ಐತೆ, ಬಿಡೋದು ಐತೆ. ಬಿಡೋರ್ ಯಾರು, ಯಾರಿಗೆ ಅನ್ನೋದು ಪದದೊಳ್ಗೆ ಇಲ್ಲ. ಬಿಡೋರು ನೀವು, ತಗೊಳ್ಳೋನು ನಿಮ್ ತಮ್ಮ. ನಾಳೆ ಕೇಳಕ್ಕಾಗಲ್ಲ." ಆಕೆ ಪೆನ್ನು ಕೆಳಗಿಟ್ಟು ಎದ್ದು ಹೋದಳು. ಅವತ್ತು ಲತಾಮಣಿಗೆ ಊಟ ರುಚಿಸಿತು.

ಈ ಸೋಮವಾರ ಬಂದವನು ಅವಳ ಸ್ವಂತ ಅಣ್ಣ ಮನೋಹರ್. ಜೊತೆಗೆ ಬೈರಮಂಗಲಕ್ಕೆ ಕೊಟ್ಟಿದ್ದ ತಂಗಿ ಪುಟ್ಟಿ. ಕೂಟಗಲ್ಲಿನ ಅಪ್ಪನ ಎರಡೆಕರೆಯಲ್ಲಿ ಪುಟ್ಟಿಯ ಪಾಲನ್ನು ಅವನು ತನ್ನ ಹೆಸರಿಗೆ ಬಿಡಿಸಿಕೊಳ್ಳಬೇಕಿತ್ತು. ಗೌರಿಹಬ್ಬಕ್ಕೆ ಕರೆದು, ಮಡಿಲು ತುಂಬಿ, ಹೊಸ ಸೀರೆ ಉಡಿಸಿಯೇ ಕರೆತಂದಿದ್ದ. ಮಡಿಲಕ್ಕಿ ಕಟ್ಟಿಸಿಕೊಂಡ ಹೆಣ್ಣು ತವರಿಗೆ ಇಲ್ಲ ಅನ್ನುವುದುಂಟೆ? ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ಲತಾಮಣಿ ತನ್ನ ಪಾಲು ಬಿಟ್ಟು ಆಗಲೇ ಆರು ವರ್ಷ. ಗಂಡ ಕೈಬಿಟ್ಟ ಮೇಲೆ ಮಗಳನ್ನು ಕಟ್ಟಿಕೊಂಡು ಅವಳಿರುವುದು ಅಣ್ಣನ ಮನೆಯಲ್ಲೇ.

"ಒಸಿ ಬೇಗ ಆಗ್ಲಿ ಕಣವ್ವ. ನಿನ್ ಪುರಾಣ ಎಲ್ಲಾ ಇವತ್ತು ಬ್ಯಾಡ. ಸಂಜಿಕೆ ನಮ್ಮನೇಗೇ ತಾನೇ ಬರೋದು ನೀನು?" ಎಂದು ಮನೋಹರ್ ನಕ್ಕ. ಆ 'ನಮ್ಮನೆ' ಅವಳ ಎದೆಗೆ ನಾಟಿತು.

ಲತಾಮಣಿ ಟೈಪ್ ಮಾಡಿ ಕಾಗದ ಮುಂದಿಟ್ಟಳು. ಪುಟ್ಟಿ ಬಗ್ಗಿ ನೋಡಿ, "ಏನಕ್ಕ ಬರ್ದಿರೋದು?" ಎಂದಳು. ಕಂಡವರಿಗೆಲ್ಲ ಹೇಳಿದ ಬಾಯಿ ಅದು. ಒಡಹುಟ್ಟಿದವಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಹತ್ತನೇ ಕ್ಲಾಸಿನ ಮಗಳು ಕಣ್ಣ ಮುಂದೆ ಬಂದಳು.

"ಏನಿಲ್ಲ ಕಣೆ, ಮನೆ ಕಾಗ್ದ. ಸೈನ್ ಹಾಕು."

ಪುಟ್ಟಿ ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಮೂಡಿಸಿದಳು. ಲತಾಮಣಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಚೇರಿಯೊಳಗೆ ಅಧಿಕಾರಿ ಕಾಗದ ತಿರುವಿ ಹಾಕಿ ಕೇಳಿದರು, "ಇದರಲ್ಲಿ ಏನಿದೆ ಗೊತ್ತೇನಮ್ಮ? ಯಾರಾದರೂ ಓದಿ ಹೇಳಿದ್ದಾರಾ?"

ಲತಾಮಣಿ ಬಾಗಿಲಲ್ಲೇ ನಿಂತಿದ್ದಳು. ಈಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಪುಟ್ಟಿ ಹೆಮ್ಮೆಯಿಂದ ಅವಳತ್ತ ಕೈ ತೋರಿಸಿದಳು.

"ಬರ್ದಿರೋಳೇ ನಮ್ಮಕ್ಕ ಸ್ವಾಮಿ. ಇನ್ ಯಾಕ್ ಓದ್ಬೇಕು?"